ಬಸ್ ದರ, ಆಸನ ಸೌಕರ್ಯ ಮತ್ತು ಬಾಡಿಗೆ ವಾಹನ: ವರ್ತಕರು ಅರಿಯಬೇಕಾದ ಲೆಕ್ಕ

ಕನಕಪುರ ತಾಲ್ಲೂಕಿನ ಕಬ್ಬಾಳು ಗ್ರಾಮಕ್ಕೆ ಕಬ್ಬಾಳಮ್ಮನ ದರ್ಶನಾರ್ಥವಾಗಿ ಹೊರ ಊರುಗಳಿಂದ ಭಕ್ತರು ಬರುತ್ತಾರೆ. ಅಂಗಡಿಕಾರರಿಗೆ ಈ ಜನಸಂದಣಿಯೇ ವ್ಯಾಪಾರ. ಆದರೆ ಸರಕಿಗಾಗಿ, ದುಡಿಮೆಗಾಗಿ ಕನಕಪುರ, ಚನ್ನಪಟ್ಟಣಗಳಿಗೆ ಹೋಗಿಬರುವವರೂ ಬಸ್ಸಿನಲ್ಲಿ ಈ ಭಕ್ತರೊಡನೆಯೇ ಸ್ಥಳ ಹುಡುಕಬೇಕಾಗುತ್ತದೆ. ಆದ್ದರಿಂದ ಪ್ರಯಾಣದ ವೆಚ್ಚವನ್ನು ಟಿಕೆಟ್ಟಿನ ದರದಿಂದಷ್ಟೇ ಅಳೆಯುವುದು ಸರಿಯಲ್ಲ.

ದರ: ರಾಜ್ಯ ಸಾರಿಗೆ ಬಸ್ಸುಗಳ ದರವು 2025ರ ಜನವರಿ 5ರಿಂದ ಶೇ. 15ರಷ್ಟು ಏರಿತು. ಹೋಗಿಬರಲು ದಿನಕ್ಕೆ 60 ರೂ. ತೆರುತ್ತಿದ್ದ ನೌಕರನಿಗೆ ಈ ಪ್ರಮಾಣದಲ್ಲಿ 9 ರೂ. ಹೆಚ್ಚುತ್ತದೆ, ತಿಂಗಳ 26 ದಿನಗಳಿಗೆ ಅದು 234 ರೂ. ಆಗುತ್ತದೆ. 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯಿಂದಾಗಿ ಸಾಮಾನ್ಯ ಬಸ್ಸುಗಳಲ್ಲಿ ರಾಜ್ಯದ ಮಹಿಳೆಯರಿಗೆ ಈ ಹೊರೆಯಿಲ್ಲ.

ಸೌಕರ್ಯ: ಆಸನವೆಂಬುದು ಕೇವಲ ಸುಖದ ಮಾತಲ್ಲ. ನಿಂತು ಬಂದ ಕೆಲಸಗಾರನು ದಣಿದೇ ಕೆಲಸಕ್ಕೆ ತೊಡಗುತ್ತಾನೆ. ರಾಮನಗರದ ಮಾರುಕಟ್ಟೆಗೆ ಒಯ್ಯುವ ರೇಷ್ಮೆಗೂಡಿನ ಚೀಲ ನೂಕುನುಗ್ಗಲಿನಲ್ಲಿ ಅದುಮಿದರೆ ಒಳಗಿನ ಹುಳು ಒಡೆದು ಗೂಡು ಕಲೆಯಾಗುತ್ತದೆ. ಹರಾಜಿನಲ್ಲಿ ಬೆಲೆ ಕುಸಿಯುತ್ತದೆ. ಬಸ್ಸಿನಲ್ಲಿ ಉಳಿಸಿದ ಹಣ ಅಲ್ಲಿ ಕೈಬಿಟ್ಟುಹೋಗುತ್ತದೆ.

ಬಾಡಿಗೆ ವಾಹನ: ದಿನದ ಬಾಡಿಗೆ 1,800 ರೂ. ಎಂದಿಟ್ಟುಕೊಂಡರೆ, 12 ಜನರ ಮ್ಯಾಕ್ಸಿಕ್ಯಾಬ್ ತುಂಬಿದಾಗ ತಲಾ 150 ರೂ., ಅರ್ಧ ಖಾಲಿಯಿದ್ದರೆ 300 ರೂ. ಬೀಳುತ್ತದೆ. ಜನ ತುಂಬದ ಹೊರತು ಇದು ಲಾಭದಾಯಕವಲ್ಲ.

ಕಾನೂನು: 1988ರ ಮೋಟಾರು ವಾಹನಗಳ ಕಾಯಿದೆಯು ಚಾಲಕನನ್ನು ಬಿಟ್ಟು 6 ಜನರವರೆಗೆ ಸಾಗಿಸುವ ವಾಹನವನ್ನು ಮೋಟಾರ್ ಕ್ಯಾಬ್ ಎಂದೂ, 6ಕ್ಕಿಂತ ಹೆಚ್ಚು 12ರವರೆಗೆ ಸಾಗಿಸುವುದನ್ನು ಮ್ಯಾಕ್ಸಿಕ್ಯಾಬ್ ಎಂದೂ ಗುರುತಿಸುತ್ತದೆ. ಇವು ಒಪ್ಪಂದದ ಮೇಲೆ ಇಡಿಯಾಗಿ ಬಾಡಿಗೆಗೆ ಹೋಗುವ ವಾಹನಗಳು. ದಾರಿಯಲ್ಲಿ ಜನರನ್ನು ಹತ್ತಿಸಿ, ಇಳಿಸಿ, ಬಿಡಿಬಿಡಿಯಾಗಿ ದರ ಪಡೆಯಲು ಬೇರೆಯೇ ಪರವಾನಗಿ ಬೇಕು. ಬಿಳಿ ಫಲಕದ ಸ್ವಂತ ವಾಹನವನ್ನು ಬಾಡಿಗೆಗೆ ಓಡಿಸುವಂತಿಲ್ಲ. ಅದರ ವಿಮೆಯೂ ಬಾಡಿಗೆ ಬಳಕೆಗೆ ಅನ್ವಯಿಸದು. ಅಪಘಾತ ಸಂಭವಿಸಿದಲ್ಲಿ ಪರಿಹಾರದ ಹೊಣೆ ಮಾಲೀಕನ ಹೆಗಲಿಗೇ ಬರಬಹುದು. ನೌಕರರನ್ನು ಸರಕು ಟೆಂಪೋದಲ್ಲಿ ತುಂಬಿ ಕಳುಹಿಸುವುದರಲ್ಲಿಯೂ ಇದೇ ಅಪಾಯವಿದೆ.

ಆದ್ದರಿಂದ ಒಬ್ಬಿಬ್ಬರ ನಿತ್ಯ ಪ್ರಯಾಣಕ್ಕೆ ಬಸ್ಸೇ ಮೇಲು. ನಾಜೂಕಾದ ಸರಕಿದ್ದಾಗ, ಹತ್ತಾರು ಜನ ನಿಗದಿತ ವೇಳೆಗೆ ತಲುಪಬೇಕಾದಾಗ ಬಾಡಿಗೆ ವಾಹನ ಒಳಿತು. ಮುಂಗಡ ಕೊಡುವ ಮುನ್ನ ಪರವಾನಗಿ, ಅರ್ಹತಾ ಪತ್ರ ಹಾಗೂ ವಿಮೆಯ ಅವಧಿಯನ್ನು ವರ್ತಕ ಬಾಂಧವರು ಖುದ್ದಾಗಿ ಪರಿಶೀಲಿಸುವುದು ಕ್ಷೇಮಕರ.