ಕಪಾಟು ತುಂಬಿದರೂ ತೀರದ ಕೊಳ್ಳುವಾಸೆ

ಕೊಟ್ಟೂರಿನ ರಥೋತ್ಸವ ಮುಗಿದ ಮರುವಾರ, ಹಗರಿಬೊಮ್ಮನಹಳ್ಳಿ ಕಡೆಯ ನಿವೃತ್ತ ಶಿಕ್ಷಕರೊಬ್ಬರನ್ನು ಅವರ ಪತ್ನಿ ನನ್ನ ಚಿಕಿತ್ಸಾಲಯಕ್ಕೆ ಕರೆತಂದರು. ಹೇಳಿಕೊಂಡ ತೊಂದರೆ ನಿದ್ರಾಹೀನತೆ. ನಾಡಿ ನೋಡುತ್ತ ಮಾತಿಗೆಳೆದಾಗ ಹೊರಬಿದ್ದದ್ದು ಬೇರೆಯೇ. ಮೇಷ್ಟ್ರಿಗೆ ಶಾಯಿ ಪೆನ್ನು ಸಂಗ್ರಹಿಸುವ ಹವ್ಯಾಸ. ಮನೆಯಲ್ಲಿ ಇನ್ನೂರಕ್ಕೂ ಹೆಚ್ಚು ಪೆನ್ನುಗಳಿವೆ. ಬರೆಯುವುದು ಎರಡರಲ್ಲಿ ಮಾತ್ರ. ಮಗಳ ಬಾಣಂತನಕ್ಕೆಂದು ಎತ್ತಿಟ್ಟಿದ್ದ ಹಣವೂ ಅದಕ್ಕೇ ಹೋಗಿತ್ತು. “ಪೆನ್ನು ಕೈಗೆ ಬಂದ ಮ್ಯಾಲೆ ಅಷ್ಟು ಖುಷಿ ಇರಂಗಿಲ್ರೀ ಡಾಕ್ಟ್ರೇ, ಬರೋತನಕ ಇರ್ತೈತಿ” ಎಂದರು.

ಕಾರಣವನ್ನು ರೋಗಿಯೇ ಹೇಳಿಬಿಟ್ಟಿದ್ದರು. ವುಲ್ಫ್ರಾಮ್ ಶುಲ್ಟ್ಸ್ ಎಂಬ ವಿಜ್ಞಾನಿ 1990ರ ದಶಕದಲ್ಲಿ ಮಂಗಗಳ ಮಿದುಳಿನ ಡೋಪಮೈನ್ ನರಕೋಶಗಳನ್ನು ಪರೀಕ್ಷಿಸಿದರು. ಒಂದು ಸಂಕೇತ ತೋರಿಸಿ, ಅನಂತರ ಹಣ್ಣಿನ ರಸ ಕೊಡುತ್ತಿದ್ದರು. ಮೊದಲು ರಸಕ್ಕೆ ಮಿಡಿಯುತ್ತಿದ್ದ ಕೋಶಗಳು, ಅಭ್ಯಾಸವಾದ ಬಳಿಕ ಸಂಕೇತಕ್ಕೇ ಮಿಡಿಯತೊಡಗಿದವು. ರಸ ಬಂದಾಗ ಸುಮ್ಮನಿದ್ದವು. ಸಂಗ್ರಾಹಕನ ಸ್ಥಿತಿಯೂ ಬಹುಮಟ್ಟಿಗೆ ಇದೇ. ಹುಡುಕುವುದು, ಬೆಲೆ ವಿಚಾರಿಸುವುದು, ಪೊಟ್ಟಣಕ್ಕಾಗಿ ಕಾಯುವುದು, ಇವುಗಳಲ್ಲಿಯೇ ಸುಖವಿದೆ. ವಸ್ತು ಕೈಸೇರಿದೊಡನೆ ಅದು ಕರಗುತ್ತದೆ, ಮತ್ತೆ ಹುಡುಕಾಟ.

ಇನ್ನೊಂದು ಭ್ರಮೆಯೂ ಉಂಟು. ಪುಸ್ತಕ ಕೊಳ್ಳುವಾಗ ಅದನ್ನು ಓದುವ ಬಿಡುವನ್ನೂ ಕೊಂಡೆವೆಂದು ಮನಸ್ಸು ನಂಬುತ್ತದೆ. ಇದನ್ನು ಅನುಭವದಿಂದಲೇ ಹೇಳುತ್ತಿದ್ದೇನೆ. ನನ್ನ ಕಪಾಟಿನಲ್ಲಿ ಅಷ್ಟಾಂಗಹೃದಯದ ಮೂರು ವ್ಯಾಖ್ಯಾನಗಳಿವೆ. ಒಂದರ ಹಾಳೆಗಳು ಇನ್ನೂ ಅಂಟಿಕೊಂಡೇ ಇವೆ.

ಚರಕಸಂಹಿತೆಯ ಸೂತ್ರಸ್ಥಾನದ 7ನೆಯ ಅಧ್ಯಾಯವು ಹಸಿವು, ನಿದ್ರೆ, ಮಲಮೂತ್ರ ಮೊದಲಾದ 13 ವೇಗಗಳನ್ನು ತಡೆಯಬಾರದೆನ್ನುತ್ತದೆ. ತಡೆಯಲೇಬೇಕಾದ ಮನೋವೇಗಗಳಲ್ಲಿ ಲೋಭವನ್ನು ಸೇರಿಸುತ್ತದೆ. ಮೇಷ್ಟ್ರು ಮಾಡುತ್ತಿದ್ದುದು ತಿರುವುಮುರುವು: ಬರುವ ನಿದ್ರೆಯನ್ನು ತಡೆದು, ನಡುರಾತ್ರಿಯವರೆಗೆ ಮೊಬೈಲಿನಲ್ಲಿ ಪೆನ್ನು ಹುಡುಕುವುದು. ಧೀ, ಧೃತಿ, ಸ್ಮೃತಿಗಳು ಜಾರಿದಾಗ ಮನುಷ್ಯ ಮಾಡುವ ತಪ್ಪನ್ನು ಆಯುರ್ವೇದ ಪ್ರಜ್ಞಾಪರಾಧವೆನ್ನುತ್ತದೆ. ಧೃತಿಯೆಂದರೆ ಮನಸ್ಸನ್ನು ಹಿಡಿದು ನಿಲ್ಲಿಸುವ ಶಕ್ತಿ. ಸ್ಮೃತಿಯ ಮಾತು ಬಂದಾಗ ಅವರ ಪತ್ನಿ ನಕ್ಕರು: ಒಂದೇ ಬಗೆಯ ಪೆನ್ನು ಮೂರು ಸಲ ಬಂದಿತ್ತಂತೆ!

ಸಂಗ್ರಹವೆಲ್ಲ ರೋಗವಲ್ಲ. ಪಾಂಡವಪುರದ ಬಳಿಯ ಹರಳಹಳ್ಳಿಯಲ್ಲಿ ಅಂಕೇಗೌಡರು ದುಡಿಮೆಯ ಹಣದಿಂದ ಲಕ್ಷಾಂತರ ಪುಸ್ತಕಗಳನ್ನು ಕೂಡಿಸಿದರು. ಒಬ್ಬ ಮನುಷ್ಯ ಒಂದು ಜನ್ಮದಲ್ಲಿ ಅಷ್ಟನ್ನು ಓದಲಾರ. ಆದರೆ ಅವರ ‘ಪುಸ್ತಕ ಮನೆ’ಯ ಬಾಗಿಲು ಎಲ್ಲ ಓದುಗರಿಗೂ ತೆರೆದಿದೆ. ಆದ್ದರಿಂದ ನಾನು ರೋಗಿಗಳಿಗೆ ಎಷ್ಟು ಇವೆಯೆಂದು ಕೇಳುವುದು ಕಡಿಮೆ. ಮನೆಯವರಿಂದ ಬೆಲೆ ಮುಚ್ಚಿಡುತ್ತೀರಾ, ಸಾಲ ಮಾಡಿದ್ದೀರಾ, ಒಂದನ್ನು ಬೇರೆಯವರಿಗೆ ಕೊಡಬಲ್ಲಿರಾ ಎಂದು ಕೇಳುತ್ತೇನೆ. ಯಾವುದನ್ನೂ ಬಿಡಲಾಗದೆ ಮನೆಯಲ್ಲಿ ಓಡಾಡಲೂ ಜಾಗವಿಲ್ಲದಂತಾದರೆ ಅದು ಬೇರೆಯೇ ಕಾಯಿಲೆ, ಮನೋವೈದ್ಯರನ್ನು ಕಾಣಬೇಕು. ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಉಚಿತವಾಗಿ ಕರೆಮಾಡಬಹುದು.

ಮೇಷ್ಟ್ರಿಗೆ ರಾತ್ರಿ ಪಾದಗಳಿಗೆ ಎಳ್ಳೆಣ್ಣೆ ತಿಕ್ಕಿಸಿಕೊಳ್ಳಲು, ಊಟವಾದ ಮೇಲೆ ಮೊಬೈಲನ್ನು ಪತ್ನಿಯ ಕೈಗೆ ಕೊಡಲು ಹೇಳಿದೆ. ಬೇಕೆನಿಸಿದ ಪೆನ್ನಿನ ಹೆಸರನ್ನು ತಾರೀಖಿನೊಡನೆ ಪುಸ್ತಕದಲ್ಲಿ ಬರೆದು ಒಂದು ತಿಂಗಳು ಕಾಯಬೇಕು. ಬರೆಯುವುದು ಮನೆಯಲ್ಲಿರುವ ಪೆನ್ನುಗಳಿಂದಲೇ, ದಿನಕ್ಕೊಂದರಂತೆ. ಮೂರು ತಿಂಗಳಲ್ಲಿ ಹದಿನೇಳು ಹೆಸರು ಬರೆದಿದ್ದರು, ಕೊಂಡದ್ದು ಒಂದು. ನಲವತ್ತು ಪೆನ್ನುಗಳನ್ನು ತಾವು ಕಲಿಸಿದ ಶಾಲೆಯ ಮಕ್ಕಳಿಗೆ ಹಂಚಿದ್ದಾರೆ. ನಿದ್ರೆ ಸುಧಾರಿಸಿದೆ. ಕಳೆದ ಸಲ ಬಂದಾಗ ನನ್ನ ಔಷಧಚೀಟಿಯ ಪೆನ್ನನ್ನು ತಿರುಗಿಸಿ ನೋಡಿ, ಯಾವ ಕಂಪನಿಯದೆಂದು ಕೇಳಿದರು. ಪತ್ನಿ ಕೆಮ್ಮಿದರು. ಪೆನ್ನು ಮೇಜಿನ ಮೇಲೆ ಮರಳಿತು.