ಕಾಲುಗುರು ಮತ್ತೆ ಮತ್ತೆ ಚುಚ್ಚುತ್ತಿದೆಯೇ?

ಮಡಿವಾಳ ಮಾರ್ಕೆಟ್ಟಿನ ನೂಕುನುಗ್ಗಲಲ್ಲಿ ಯಾರದೋ ಚಪ್ಪಲಿ ಹೆಬ್ಬೆರಳಿಗೆ ತಾಗಿದರೆ ಜೀವ ಹೋದಂತಾಗುತ್ತದೆಯೇ? ಉಗುರುಸುತ್ತು ಅಂದುಕೊಂಡು ನಿಂಬೆಹಣ್ಣು ಸಿಕ್ಕಿಸಿಕೊಳ್ಳಬೇಡಿ. ಮಾಂಸದೊಳಗೆ ಇಳಿದ ಉಗುರಿನ ಅಂಚು ಅದರಿಂದ ಹೊರಬರೋಲ್ಲ. ಮೂಲೆ ಬಗೆದು ಕತ್ತರಿಸಿದರೆ ಅಂದಿಗೇನೋ ಹಾಯೆನಿಸುತ್ತದೆ. ಒಳಗುಳಿದ ಚೂಪು ತುದಿ ಬೆಳೆದು ಮತ್ತೆ ಅಲ್ಲೇ ಚುಚ್ಚುತ್ತದೆ.

ಉಗುರನ್ನು ನೇರವಾಗಿ ಕತ್ತರಿಸಿ, ಮೂಲೆ ಮುಟ್ಟಬೇಡಿ. ಬೆರಳು ಒತ್ತುವ ಶೂ ಬೇಡ. ನೋವಿದ್ದಾಗ ಉಗುರುಬೆಚ್ಚಗಿನ ನೀರಲ್ಲಿ 15 ನಿಮಿಷ ಕಾಲಿಟ್ಟು, ಚೆನ್ನಾಗಿ ಒರೆಸಿಕೊಳ್ಳಿ. ಕೀವಾದರೆ ಡಾಕ್ಟರಿಗೆ ತೋರಿಸಿ. ಸಕ್ಕರೆ ಕಾಯಿಲೆಯವರಂತೂ ಕಾಯಲೇಬಾರದು. ಕಾಲಿಗೆ ಸ್ಪರ್ಶ ಕಡಿಮೆಯಿದ್ದರೆ ನೋವೇ ತಿಳಿಯದೆ ಹುಣ್ಣು ಬಲಿಯಬಹುದು.

ಆದರೂ ಮರುಕಳಿಸಿದರೆ? ಬೆರಳಿಗಷ್ಟೇ ಮರಗಟ್ಟುವ ಇಂಜೆಕ್ಷನ್ ಕೊಟ್ಟು, ಡಾಕ್ಟರು ಆ ಅಂಚನ್ನಷ್ಟೇ ತೆಗೆದು ಬುಡಕ್ಕೆ ಫೀನಾಲ್ ಎಂಬ ರಾಸಾಯನಿಕ ಹಚ್ಚುತ್ತಾರೆ. ಅಂಚು ಮತ್ತೆ ಬೆಳೆಯುವುದು ಅಪರೂಪ. ಅಂದೇ ಮನೆಗೆ ಬರಬಹುದು, ಹೆದರಬೇಡಿ!