ಭುಜಪಟ್ಟಿಯ ನಕ್ಷತ್ರಗಳು: ರಷ್ಯಾದ ಹಿರಿಯ ಸೇನಾಧಿಕಾರಿಗಳ ದರ್ಜೆಚಿಹ್ನೆ

ರಷ್ಯಾದ ಸೇನೆಯಲ್ಲಿ ಮೇಜರ್, ಲೆಫ್ಟಿನೆಂಟ್ ಕರ್ನಲ್ ಮತ್ತು ಕರ್ನಲ್ ಎಂಬ ಮೂರು ದರ್ಜೆಗಳಿಗೆ ಹಿರಿಯ ಅಧಿಕಾರಿವರ್ಗವೆಂದು ಹೆಸರು. ಇವುಗಳ ಚಿಹ್ನೆಗಳಲ್ಲಿ ಆ ದೇಶದ ರಾಜಕೀಯ ಪಲ್ಲಟಗಳೇ ಅಚ್ಚೊತ್ತಿವೆ.

1827ರಲ್ಲಿ ಚಕ್ರವರ್ತಿ ಒಂದನೆಯ ನಿಕೊಲಾಯ್, ಎಪಾಲೆಟ್ ಎಂಬ ಭುಜಾಲಂಕಾರದ ಮೇಲೆ ದರ್ಜೆಯನ್ನು ಸೂಚಿಸುವ ನಕ್ಷತ್ರಗಳನ್ನು ಜಾರಿಗೆ ತಂದನು. ಮುಂದೆ ಬಳಕೆಗೆ ಬಂದ ‘ಪಗೋನಿ’, ಅಂದರೆ ಚಪ್ಪಟೆಯಾದ ಭುಜಪಟ್ಟಿಯಲ್ಲಿ, ಹಿರಿಯ ಅಧಿಕಾರಿಗಳಿಗೆ ಎರಡು ಉದ್ದಗೆರೆಗಳಿದ್ದು, ಲೆಫ್ಟಿನೆಂಟ್ ಕರ್ನಲನಿಗೆ ಮೂರು ನಕ್ಷತ್ರಗಳಿದ್ದರೆ ಅವನಿಗಿಂತ ಮೇಲಿನ ಕರ್ನಲನಿಗೆ ಒಂದು ನಕ್ಷತ್ರವೂ ಇರುತ್ತಿರಲಿಲ್ಲ.

1917ರ ಕ್ರಾಂತಿಯ ಬೆನ್ನಲ್ಲೇ ಬೋಲ್ಶೆವಿಕ್ ಸರ್ಕಾರವು, ಸೈನಿಕರೆಲ್ಲರೂ ಸಮಾನರೆಂದು ಸಾರಿ, ದರ್ಜೆಗಳನ್ನೂ ಭುಜಪಟ್ಟಿಗಳನ್ನೂ ಒಟ್ಟಿಗೆ ರದ್ದುಪಡಿಸಿತು. 1935ರಲ್ಲಿ ದರ್ಜೆಗಳು ಮರಳಿದವಾದರೂ ಚಿಹ್ನೆಗಳು ಭುಜಕ್ಕೆ ಮರಳದೆ ಕಾಲರಿನ ಮೇಲಿದ್ದು, ಮೇಜರನನ್ನು ಎರಡು ಆಯತಗಳಿಂದಲೂ ಕರ್ನಲನನ್ನು ಮೂರು ಆಯತಗಳಿಂದಲೂ ಗುರುತಿಸಲಾಗುತ್ತಿತ್ತು. ಲೆಫ್ಟಿನೆಂಟ್ ಕರ್ನಲ್ ದರ್ಜೆಯು 1939ರಲ್ಲಷ್ಟೇ ಸೇರಿತು.

1943ರ ಜನವರಿಯಲ್ಲಿ, ಸ್ಟಾಲಿನ್‌ಗ್ರಾಡ್ ಕದನವು ಕೊನೆಯ ಘಟ್ಟದಲ್ಲಿದ್ದಾಗ, ಸೋವಿಯತ್ ಸರ್ಕಾರವು ತಾನೇ ತ್ಯಜಿಸಿದ್ದ ಭುಜಪಟ್ಟಿಯನ್ನು ಮರಳಿ ತಂದು, ಎರಡು ಗೆರೆಗಳ ಮೇಲೆ ಮೇಜರನಿಗೆ ಒಂದು, ಲೆಫ್ಟಿನೆಂಟ್ ಕರ್ನಲನಿಗೆ ಎರಡು, ಕರ್ನಲನಿಗೆ ಮೂರು ನಕ್ಷತ್ರಗಳನ್ನು ನಿಗದಿಪಡಿಸಿತು. ಸೋವಿಯತ್ ಒಕ್ಕೂಟ ಕುಸಿದ ಮೇಲೂ ರಷ್ಯಾ ಇದೇ ಎಣಿಕೆಯನ್ನು ಉಳಿಸಿಕೊಂಡಿರುವುದು, ಪ್ರಭುತ್ವಗಳು ಬದಲಾದರೂ ಸೈನಿಕ ಪರಂಪರೆ ಎಷ್ಟು ಗಟ್ಟಿಯಾಗಿ ಬಾಳುತ್ತದೆ ಎಂಬುದನ್ನು ತೋರಿಸುತ್ತದೆ.